ಅಟ್ಟದ ಟ್ರಂಕಿನಲ್ಲಿ ಸಿಕ್ಕ ಮಿಲಿಟರಿ ಚರ್ಮದ ಚೀಲ: ಇದರಲ್ಲಿ ಏನು ಇಡುತ್ತಿದ್ದರು?

ಹೇಮಾವತಿ ತೀರ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಹಳೇ ಮನೆಯ ಹೆಂಚು ಬದಲಾಯಿಸಲು ಅಟ್ಟ ಖಾಲಿ ಮಾಡಿಸುತ್ತಿದ್ದೇವೆ. ತಗಡಿನ ಟ್ರಂಕೊಂದರಲ್ಲಿ ಕಂದಾಯದ ರಸೀದಿಗಳ ಕೆಳಗೆ ಈ ಚೀಲ ಇತ್ತು. ಮುತ್ತಜ್ಜ ಪಲ್ಟನ್ನಿನಲ್ಲಿದ್ದರು, ಇದು ಅವರ ಗುಂಡಿನ ಚೀಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಇದರ ಆಕಾರ ನೋಡಿದಾಗ ಗುಂಡಿನ ಚೀಲ ಅನ್ನಿಸುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕಂದು ಬಣ್ಣದ ದಪ್ಪ ಚರ್ಮ. ಅಗಲ ಸುಮಾರು 16 ಸೆಂ.ಮೀ., ಎತ್ತರ 18, ದಪ್ಪ 4. ತಳ ಚಪ್ಪಟೆಯಾಗಿಲ್ಲ, ದುಂಡಗೆ ಬಾಗಿದೆ. ಮೇಲಿಂದ ಮುಚ್ಚಳ ಬಂದು ಒಂದು ಪಟ್ಟಿ, ಹಿತ್ತಾಳೆ ಬಕಲ್‌ನಿಂದ ಮುಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ ಮೇಲ್ಗಡೆ ಎರಡು ಪಟ್ಟಿಗಳಿವೆ, ಒಂದು ಅರ್ಧಕ್ಕೇ ತುಂಡಾಗಿದೆ. ಮುಂಬದಿಯಲ್ಲಿ ಅಗಲವಾದ ಚರ್ಮದ ಬಳೆ ಇದೆ, ಮೇಲೂ ಕೆಳಗೂ ತೆರೆದಿದೆ. ಬೆಲ್ಟು ತೂರಿಸಲು ಎಂದುಕೊಂಡರೆ ಅದು ನೆಟ್ಟಗೆ ನಿಂತಿದೆ, ಅಡ್ಡಕ್ಕಿಲ್ಲ. ಒಳಗೆ ಒಂದು ಪಕ್ಕದಲ್ಲಿ ಎರಡು ಬೆರಳು ಹೋಗುವಷ್ಟು ಸಣ್ಣ ಜೇಬು. ತಳದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಅಂಟಿದೆ. ಮುಚ್ಚಳದ ಮೇಲೆ ಕೋಳಿಹೆಜ್ಜೆಯಂಥ ಗುರುತು, ಅದರ ಕೆಳಗೆ ಇಂಗ್ಲಿಷಿನ ‘ಐ’ ಅಕ್ಷರ. ಪಕ್ಕದಲ್ಲಿ ಇನ್ನೂ ಏನೋ ಬರೆದಿದೆ, ಸವೆದುಹೋಗಿದೆ.

ಮೂಡಿಗೆರೆ ಮಳೆ

ಅಕ್ಕ, ಇದು ಕೇಪಿನ ಕೋವಿಯ ಚೀಲ ಇರಬಹುದು. ನಮ್ಮ ಕಡೆ ಕೋವಿ ಇದ್ದ ಮನೆಗಳಲ್ಲಿ ಮದ್ದು, ಚರೆ, ಕೇಪು (ಮದ್ದಿಗೆ ಕಿಡಿ ಹತ್ತಿಸುವ ಸಣ್ಣ ಲೋಹದ ಟೋಪಿ) ಇಟ್ಟುಕೊಳ್ಳಲು ಚರ್ಮದ ಚೀಲ ಇರುತ್ತಿತ್ತು. ಒಳಗಿನ ಸಣ್ಣ ಜೇಬು ಕೇಪಿಗೆ, ದೊಡ್ಡದು ಚರೆಗೆ. ಬಿಳಿ ಪುಡಿ ಮದ್ದಿಗೆ ಬೆರೆಸುವ ಪೆಟ್ಲುಪ್ಪು ಇರಬಹುದಲ್ವಾ?

ಕಾಫಿನಾಡು ಸಂಗ್ರಹ (ಚಿಕ್ಕಮಗಳೂರು)

ಮಿಲಿಟರಿ ಕೇಪಿನ ಚೀಲ ಬೇರೆಯೇ ಇರುತ್ತದೆ, ಮೂಡಿಗೆರೆಯವರೇ. ಅದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕೈ ಹಾಕಿದಾಗ ಕೇಪುಗಳು ಉದುರಿ ಬೀಳಬಾರದೆಂದು ಒಳಗೆ ಕುರಿಯ ಉಣ್ಣೆಯ ತುಂಡು ಅಂಟಿಸಿರುತ್ತಿದ್ದರು. ಉಣ್ಣೆ ಉದುರಿಹೋಗಿದ್ದರೂ ಅದರ ಹೊಲಿಗೆ, ಅಂಟಿನ ಗುರುತು ಉಳಿದಿರುತ್ತದೆ. ಅಲ್ಲದೆ 1866ರ ನಂತರ ಸ್ನೈಡರ್ ರೈಫಲ್ ಬಂದು, ಹಿಂದಿನಿಂದ ತೋಟಾ ತುಂಬುವ ಪದ್ಧತಿ ಶುರುವಾದ ಮೇಲೆ ಬ್ರಿಟಿಷ್ ಸೇನೆಗೆ ಬಿಡಿ ಕೇಪಿನ ಅಗತ್ಯವೇ ಇಲ್ಲದಾಯಿತು. ಈ ಬಕಲ್, ಈ ಹೊಲಿಗೆ ಅಷ್ಟು ಹಳೆಯದಾಗಿ ಕಾಣುತ್ತಿಲ್ಲ.

ಗುಂಡಿನ ಚೀಲವೋ ಅಲ್ಲವೋ ಎಂಬುದನ್ನು ಮನೆಯಲ್ಲೇ ನೋಡಬಹುದು. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ರೈಫಲಿನ ಪಾಯಿಂಟ್ 303 ತೋಟಾ ಸುಮಾರು 78 ಮಿ.ಮೀ. ಉದ್ದ. ಅದನ್ನು ಐದೈದರಂತೆ ತಗಡಿನ ಕ್ಲಿಪ್ಪಿಗೆ ಸೇರಿಸಿ ಇಡುತ್ತಿದ್ದರು. 1903ರ ಮಾದರಿಯ ಚರ್ಮದ ಬ್ಯಾಂಡೋಲಿಯರ್ ಎದೆಗೆ ಅಡ್ಡಲಾಗಿ ಹಾಕಿಕೊಳ್ಳುವಂಥದ್ದು. ಅದರ ಒಂದೊಂದು ಖಾನೆಗೆ ಎರಡು ಕ್ಲಿಪ್, ಅಂದರೆ ಹತ್ತು ಗುಂಡು. ಐದು ಖಾನೆಯದಾದರೆ 50, ಕುದುರೆ ಸವಾರರ ಒಂಬತ್ತು ಖಾನೆಯದಾದರೆ 90. ಆ ಖಾನೆಗಳೆಲ್ಲ ತೋಟಾದ ಅಳತೆಗೆ ಬಿಗಿಯಾಗಿ ಹೊಲಿದವು, ಸಡಿಲ ಇದ್ದರೆ ಓಡುವಾಗ ಸದ್ದು ಮಾಡುತ್ತವೆ, ಬೀಳುತ್ತವೆ. ನಿಮ್ಮ ಚೀಲದಲ್ಲಿ 78 ಮಿ.ಮೀ. ಉದ್ದದ ಕಡ್ಡಿಗಳನ್ನು ನಿಲ್ಲಿಸಿ ನೋಡಿ, ದುಂಡು ತಳದಲ್ಲಿ ನಿಲ್ಲುತ್ತವೆಯೇ?

ಇನ್ನೊಂದು, ಟಾರ್ಚ್ ಹಾಕಿ ಒಳಗೆ ಕಲೆ ನೋಡಿ. ತೋಟಾದ ಕೋಶ ಹಿತ್ತಾಳೆಯದು. ಚರ್ಮದಲ್ಲಿ ಬಹುಕಾಲ ಇದ್ದರೆ ಹಸಿರು ಕಿಲುಬು ಬಿಟ್ಟೇ ಬಿಡುತ್ತದೆ. ನಿಮ್ಮ ಬಕಲ್ ಸುತ್ತ ಇದೆಯಲ್ಲ, ಅದೇ ಹಸಿರು ಒಳಗೂ ಇದೆಯೇ?

ಬೇಲೂರು ಬಸದಿ ಬೀದಿ

ದುರ್ಬೀನಿನ ಚೀಲ?

ಕಾಫಿನಾಡು ಸಂಗ್ರಹ

ದುರ್ಬೀನಿನದಾದರೆ ಚರ್ಮ ಪೆಟ್ಟಿಗೆಯಂತೆ ಬಿಗಿಯಾಗಿರುತ್ತದೆ, ಕೆಳಗೆ ಅಗಲ ಮೇಲೆ ಕಿರಿದು, ಗಾಜಿಗೆ ಗೀರು ಬೀಳದಂತೆ ಒಳಗೆ ಬಟ್ಟೆ. ನಾಲ್ಕು ಸೆಂ.ಮೀ. ದಪ್ಪದಲ್ಲಿ ದುರ್ಬೀನು ಹಿಡಿಸುವುದಿಲ್ಲ. ದಿಕ್ಸೂಚಿಯ ಚೀಲವೂ ಅಲ್ಲ, ಅದು ಇದರ ಅರ್ಧ ಗಾತ್ರವೂ ಇರುವುದಿಲ್ಲ. ತಂತಿ ಕತ್ತರಿಸುವ ಕತ್ತರಿಯದಾಗಿದ್ದರೆ ಉದ್ದಕ್ಕೆ, ಸಪೂರಕ್ಕೆ ಇರಬೇಕಿತ್ತು.

ಹೇಮಾವತಿ ತೀರ

ನೋಡಿದೆ ಸರ್. ಅಗರಬತ್ತಿ ಕಡ್ಡಿಗಳನ್ನು ಆ ಅಳತೆಗೆ ಮುರಿದು ನಿಲ್ಲಿಸಿದರೆ ನಡುವಿನವು ನಿಲ್ಲುತ್ತವೆ, ಅಂಚಿನವೆಲ್ಲ ಒಳಕ್ಕೆ ವಾಲುತ್ತವೆ. ಮೇಲೆ ಇನ್ನೂ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ.

ಒಳಗೆ ಹಸಿರು ಎಲ್ಲೂ ಇಲ್ಲ. ಆದರೆ ಕಪ್ಪು ಕಲೆ ಇದೆ, ಅದೂ ಬಾಗಿದ ಪಟ್ಟಿಯ ಹಾಗೆ. ಮುಂದಿನ ಗೋಡೆಯಲ್ಲಿ ಒಂದು, ಹಿಂದಿನ ಗೋಡೆಯಲ್ಲಿ ಒಂದು. ಸುಟ್ಟ ಗುರುತೋ ಏನೋ ಗೊತ್ತಾಗುತ್ತಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ನೋಡಲೇ?

ತೊಗಲು ಕೆಲಸ (ಹಾಸನ)

ಒರೆಸಬೇಡಿ ಅಕ್ಕಾ, ದಯವಿಟ್ಟು. ಆ ಕಲೆಯೇ ಇಲ್ಲಿ ಸಾಕ್ಷಿ. ನಮ್ಮದು ತಲೆಮಾರುಗಳಿಂದ ತೊಗಲಿನ ಕೆಲಸ ಮಾಡುವ ಮನೆ. ಇಂಥ ಕಪ್ಪು ಕಲೆ ಕಂಡರೆ ನಾವು ಮೊದಲು ಕೇಳುವುದು, ಇದಕ್ಕೆ ಕಬ್ಬಿಣ ಎಲ್ಲಿ ತಾಗಿತು ಎಂದು.

ಹಳೇ ಕಾಲದ ಚರ್ಮವನ್ನು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡುತ್ತಿದ್ದರು. ನಮ್ಮ ದಕ್ಷಿಣದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಬಳಸುತ್ತಿದ್ದದ್ದು ಹೆಚ್ಚು. ಆ ಒಗರು ಚರ್ಮದಲ್ಲಿ ಉಳಿದಿರುತ್ತದೆ. ಅದಕ್ಕೆ ಕಬ್ಬಿಣ ತಾಗಿ, ಸ್ವಲ್ಪ ತೇವವೂ ಸೇರಿದರೆ ಕಡುಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಈ ಕಪ್ಪು ಚರ್ಮದ ಒಳಕ್ಕೇ ಇಳಿದಿರುತ್ತದೆ, ಒರೆಸಿದರೆ ಹೋಗುವುದಿಲ್ಲ, ಚರ್ಮ ಮಾತ್ರ ಹಾಳಾಗುತ್ತದೆ. ಹಿತ್ತಾಳೆಯಾದರೆ ಹಸಿರು, ಕಬ್ಬಿಣವಾದರೆ ಕಪ್ಪು. ಹಾಗಾಗಿ ಈ ಚೀಲದಲ್ಲಿ ಬಾಗಿದ ಕಬ್ಬಿಣದ ವಸ್ತು ವರ್ಷಗಟ್ಟಲೆ ಇತ್ತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒಂದಲ್ಲ, ಎರಡು, ಬೆನ್ನಿಗೆ ಬೆನ್ನು ಕೊಟ್ಟು.

ಬಿಳಿ ಪುಡಿ ಬೇರೆ ವಿಷಯ. ಒಂದು ಚಿಟಿಕೆ ಕೆರೆದು ಚೀಲದಿಂದ ಹೊರಗೆ, ಗಾಜಿನ ತಟ್ಟೆಯ ಮೇಲೆ ಇಟ್ಟು ನಿಂಬೆರಸ ಒಂದು ಹನಿ ಬಿಡಿ. ನೊರೆ ಬಂದರೆ ಸುಣ್ಣ. ಚೀಲದ ಒಳಗೆ ಮಾತ್ರ ಹುಳಿ ತಾಗಿಸಬೇಡಿ.

ಹೊಲಿಗೆಯ ಹತ್ತಿರದ ಫೋಟೋ ಒಂದು ಹಾಕಿ.

ಹೇಮಾವತಿ ತೀರ

ನೊರೆ ಬಂತು. ದೊಡ್ಡತ್ತೆಗೆ ಫೋನ್ ಮಾಡಿ ಕೇಳಿದೆ. “ಅದರಲ್ಲಿ ನಮ್ಮ ಅಜ್ಜ ಎಲೆ ಅಡಿಕೆ ಸುಣ್ಣದ ಡಬ್ಬಿ ಇಟ್ಕೊಂಡು ಸಂತೆಗೆ ಹೋಗ್ತಿದ್ರು” ಅಂದರು. ಅಂದರೆ ಸುಣ್ಣ ಆಮೇಲಿನದು.

ಹೊಲಿಗೆಯ ಫೋಟೋ ಹಾಕಿದ್ದೇನೆ. ಒಳಗಿನ ಕಲೆಯ ಮೇಲೆ ಬೆಣ್ಣೆ ಕಾಗದ ಹಿಡಿದು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದೇನೆ, ಅದರದೂ ಫೋಟೋ ಇದೆ. ಎರಡೂ ಮೇಲ್ಗಡೆ ತೆರೆದ, ಕೆಳಗೆ ದುಂಡಾದ ಆಕಾರ. ಕಪ್ಪಿನ ನಡುವೆ ಅಲ್ಲಲ್ಲಿ ತಿಳಿ ಚುಕ್ಕೆಗಳು: ಮುಂದಿನ ಗೋಡೆಯದರಲ್ಲಿ ಒಂದು ಬದಿ ನಾಲ್ಕು, ಇನ್ನೊಂದು ಬದಿ ಮೂರು. ಹಿಂದಿನ ಗೋಡೆಯ ಕಲೆ ಸ್ವಲ್ಪ ಸಪೂರ, ಚುಕ್ಕೆ ಅಷ್ಟು ಸ್ಪಷ್ಟ ಇಲ್ಲ.

ಲಾಳದ ಮನೆ (ಅರಸೀಕೆರೆ)

ಮೇಡಂ, ಅದು ಲಾಳ! ಕುದುರೆ ಲಾಳ. ನಾನು ನೋಡಿದ ತಕ್ಷಣ ನಮ್ಮಪ್ಪನಿಗೆ ತೋರಿಸಿದೆ, ಅವರೂ ಅದನ್ನೇ ಹೇಳಿದರು.

ನಮ್ಮ ತಾತ ಸಂತೆಗಳಲ್ಲಿ, ಜಾತ್ರೆಗಳಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದವರು. ಎತ್ತಿನ ಗೊರಸು ಸೀಳು, ಅದಕ್ಕೆ ಲಾಳ ತುಂಡು ತುಂಡಾಗಿ ಬರುತ್ತದೆ, ಒಂದು ಕಾಲಿಗೆ ಎರಡು. ಕುದುರೆಯದು ಒಂದೇ ಗೊರಸು, ಒಂದೇ ಲಾಳ, ಹಿಮ್ಮಡಿ ಕಡೆಗೆ ತೆರೆದಿರುತ್ತದೆ. ನಾಲ್ಕು ಮತ್ತು ಮೂರು ಚುಕ್ಕೆ ಅಂದಿರಲ್ಲ, ಅವು ಮೊಳೆ ತೂತು. ಹೊರಬದಿಗೆ ನಾಲ್ಕು, ಒಳಬದಿಗೆ ಮೂರು ಮೊಳೆ ಹೊಡೆಯುವುದು ರೂಢಿ. ತೂತು ಇದ್ದ ಜಾಗದಲ್ಲಿ ಕಬ್ಬಿಣ ಚರ್ಮಕ್ಕೆ ತಾಗಿಲ್ಲ, ಅದಕ್ಕೇ ಅಲ್ಲಿ ಕಪ್ಪಾಗಿಲ್ಲ.

ಎರಡು ಆಕಾರ ಬೇರೆ ಬೇರೆ ಇರುವುದಕ್ಕೂ ಕಾರಣ ಇದೆ. ಕುದುರೆಯ ಮುಂಗಾಲಿನ ಗೊರಸು ಹೆಚ್ಚು ದುಂಡು, ಹಿಂಗಾಲಿನದು ಸಪೂರ, ತುದಿ ಸ್ವಲ್ಪ ಚೂಪು. ನಿಮ್ಮ ಚೀಲದಲ್ಲಿ ಮುಂಗಾಲಿನದು ಒಂದು, ಹಿಂಗಾಲಿನದು ಒಂದು ಇತ್ತು. ಪಕ್ಕದ ಸಣ್ಣ ಜೇಬು ಮೊಳೆಗೆ.

ಮೂಡಿಗೆರೆ ಮಳೆ

ಎಂಥಾ ಕಣ್ಣು ಸರ್ ನಿಮ್ಮದು! ಮೊಳೆ ತೂತನ್ನು ಕಲೆಯಲ್ಲೇ ಓದಿಬಿಟ್ಟಿರಿ.

ನಿವೃತ್ತ ಆರ್‌ವಿಸಿ (ಹಾಸನ)

ನಾನು ರಿಮೌಂಟ್ ಅಂಡ್ ವೆಟರ್ನರಿ ಕೋರಿನಲ್ಲಿ ಕುದುರೆ, ಹೇಸರಗತ್ತೆಗಳ ಜೊತೆಯಲ್ಲೇ ಸೇವೆ ಮುಗಿಸಿದವನು. ಅರಸೀಕೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಇದು ಕುದುರೆ ಸವಾರನ ಲಾಳದ ಚೀಲ. ಸವಾರನ ಮೈಮೇಲೆ ಇರುತ್ತಿದ್ದದ್ದಲ್ಲ, ಜೀನಿಗೆ ಕಟ್ಟುತ್ತಿದ್ದದ್ದು. ಹಿಂಬದಿಯ ಎರಡು ಪಟ್ಟಿ ಜೀನಿನ ಬಳೆಗಳಿಗೆ ಸೇರುತ್ತಿದ್ದವು.

ಮುಂದಿನ ಅಗಲ ಬಳೆಯ ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ಅದು ಕತ್ತಿಯ ಒರೆಗೆ. ಹಿಂದೆ ಸವಾರರು ಕತ್ತಿಯನ್ನು ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದರು. ರೈಫಲ್ ಹಿಡಿದು ಕೆಳಗಿಳಿದು ಕಾದಾಡುವ ಪದ್ಧತಿ ಹೆಚ್ಚಿದಂತೆ ಆ ಕತ್ತಿ ಕಾಲಿಗೆ ತೊಡರತೊಡಗಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೇನೆ ಅದನ್ನು ಸೊಂಟದಿಂದ ಜೀನಿಗೆ ಸಾಗಿಸಿತು. ಎಡಗಡೆ ಕತ್ತಿ, ಬಲಗಡೆ ಚರ್ಮದ ಕೊಳವೆಯಲ್ಲಿ ರೈಫಲ್. ಎಡಗಡೆ ಹೇಗಿದ್ದರೂ ಲಾಳದ ಚೀಲ ಇತ್ತು, ಅದರ ಹೊರಮೈಗೇ ಬಳೆ ಹೊಲಿದು ಕತ್ತಿಯ ಒರೆ ತೂರಿಸುವ ವ್ಯವಸ್ಥೆ ಮಾಡಿದರು. ಅದಕ್ಕೇ ಬಳೆ ಅಡ್ಡಕ್ಕಿಲ್ಲದೆ ನೆಟ್ಟಗೆ ಇದೆ. ಮೇಡಂ, ಬಳೆಯ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಕತ್ತಿ ಆಡಿದ ಜಾಗ ನಯವಾಗಿ ಹೊಳೆಯುತ್ತಿರಬೇಕು, ಕೆಳಗಿನ ಅಂಚು ಮೇಲಿನದಕ್ಕಿಂತ ಹೆಚ್ಚು ಸವೆದಿರಬೇಕು.

ಸವಾರ ಲಾಳ ಯಾಕೆ ಹೊತ್ತುಕೊಂಡು ತಿರುಗಬೇಕಿತ್ತು ಎಂದು ಈಗಿನವರಿಗೆ ಅನ್ನಿಸಬಹುದು. ಕುದುರೆಯ ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ, ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ ಮತ್ತೆ ಕಟ್ಟಬೇಕು. ಕಲ್ಲುನೆಲದ ದಾರಿಯಲ್ಲಿ ಲಾಳ ಕಳಚಿ ಬಿದ್ದರೆ ಗೊರಸಿನ ಅಂಚು ಒಡೆಯುತ್ತದೆ, ಕುದುರೆ ಕುಂಟುತ್ತದೆ. ಕುಂಟುವ ಕುದುರೆಯ ಮೇಲೆ ಸವಾರಿ ಮಾಡುವ ಹಾಗಿಲ್ಲ. ಯುದ್ಧದಲ್ಲಿ ಒಂದು ಲಾಳಕ್ಕಾಗಿ ಒಬ್ಬ ಸವಾರ ಹಿಂದೆ ಉಳಿದಂತೆ. ತುಕಡಿಯ ಜೊತೆ ನಾಲ್‌ಬಂದ್ ಇರುತ್ತಾನೆ, ಲಾಳ ಕಟ್ಟುವವನನ್ನು ಸೇನೆಯಲ್ಲಿ ಹಾಗೇ ಕರೆಯುವುದು. ಅವನ ಬಳಿ ಹತಾರ ಇರುತ್ತದೆ, ಆದರೆ ನೂರಾರು ಕುದುರೆಗಳ ಲಾಳವನ್ನು ಅವನೊಬ್ಬನೇ ಹೊರಲಾರ. ಒಂದು ಕುದುರೆಯ ಲಾಳ ಇನ್ನೊಂದಕ್ಕೆ ಸರಿಯಾಗಿ ಕೂರುವುದೂ ಇಲ್ಲ. ಹಾಗಾಗಿ ಪ್ರತಿ ಸವಾರನೂ ತನ್ನ ಕುದುರೆಯ ಅಳತೆಗೇ ಮೊದಲೇ ತಟ್ಟಿ ಹೊಂದಿಸಿದ ಮುಂಗಾಲಿನ ಒಂದು, ಹಿಂಗಾಲಿನ ಒಂದು ಲಾಳ, ಜೊತೆಗೆ ಮೊಳೆ ಇಟ್ಟುಕೊಂಡಿರುತ್ತಿದ್ದ. ಬೆಂಕಿ ಹಾಕುವ ಪುರುಸೊತ್ತು ಇಲ್ಲದ ಕಡೆ ತಣ್ಣಗಿದ್ದ ಲಾಳವನ್ನೇ ಹೊಡೆದು ಮುಂದೆ ಹೋಗಬಹುದಿತ್ತು.

ಈ ಚೀಲ ನೋಡಿ ನನಗೆ ತುಂಬಾ ಸಂತೋಷವಾಯಿತು. ಕೋವಿ, ಕತ್ತಿಗಳನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಕುದುರೆಯ ಕಾಲಿನ ಬಗ್ಗೆ ಯೋಚಿಸಿ ಮಾಡಿದ ಇಂಥ ಸಾಮಾನು ಉಳಿಯುವುದೇ ಅಪರೂಪ.

ಹೇಮಾವತಿ ತೀರ

ಸರ್, ಬಳೆಯ ಒಳಮೈ ಕನ್ನಡಿಯಂತೆ ನುಣುಪಾಗಿದೆ, ಕೆಳಗಿನ ಅಂಚು ನೀವು ಹೇಳಿದ ಹಾಗೇ ತೆಳ್ಳಗಾಗಿದೆ. ಹಿಂದಿನ ಗೋಡೆಯ ಹೊರಮೈಯಲ್ಲೂ ಒಂದು ಕಡೆ ಚರ್ಮ ಉಜ್ಜಿಹೋಗಿದೆ. ಅದು ಜೀನಿಗೆ ತಾಗಿದ್ದೇ?

ನಿವೃತ್ತ ಆರ್‌ವಿಸಿ

ಹೌದಮ್ಮ, ಜೀನಿನ ಹಲಗೆಯ ಅಂಚಿಗೆ. ಈ ಚೀಲ ಗೋದಾಮಿನಲ್ಲೇ ಕುಳಿತದ್ದಲ್ಲ, ಕುದುರೆಯ ಮೇಲೆ ಚೆನ್ನಾಗಿ ಓಡಾಡಿದೆ.

ತೊಗಲು ಕೆಲಸ

ಹೊಲಿಗೆ ನೋಡಿದೆ. ಪಟ್ಟಿಗಳು ಎರಡು ಸೂಜಿಯ ಕೈಹೊಲಿಗೆ. ಒಂದೇ ತೂತಿನಲ್ಲಿ ಎರಡು ಕಡೆಯಿಂದ ಮೇಣ ಹಚ್ಚಿದ ದಾರ ಹಾಯಿಸುವ ಕ್ರಮ ಇದು. ಒಂದು ದಾರ ಸವೆದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ. ಮೆಷಿನ್ ಹೊಲಿಗೆ ಒಂದು ಕಡೆ ಕಿತ್ತರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಜೀನಿನ ಸಾಮಾನನ್ನು ಕುದುರೆ ದಿನವಿಡೀ ಎಳೆಯುತ್ತದೆ, ಅದಕ್ಕೇ ಭಾರ ಬೀಳುವ ಕಡೆಯೆಲ್ಲ ಕೈಹೊಲಿಗೆ ಹಾಕಿದ್ದಾರೆ. ಹೊಲಿದವನ ಕೈ ಬಹಳ ಸಮ, ಒಂದು ಹೊಲಿಗೆಯೂ ಓರೆಯಾಗಿಲ್ಲ. ಅವನ ಹೆಸರು ಎಲ್ಲೂ ಸಿಗುವುದಿಲ್ಲ, ಆದರೆ ಕೆಲಸ ಎದುರಿಗೆ ಇದೆ.

ಸಕಲೇಶಪುರದ ಚಿಕ್ಕಪ್ಪ

ನಾನು ಈ ಹುಡುಗಿಯ ಚಿಕ್ಕಪ್ಪ. ಎಲ್ಲವನ್ನೂ ಓದಿದೆ, ನಿಮ್ಮ ತಿಳಿವಳಿಕೆಗೆ ಗೌರವ ಇದೆ. ಆದರೆ ನಮ್ಮ ತಂದೆಯ ಬಾಯಲ್ಲಿ ನಾನೇ ಕೇಳಿದ್ದೇನೆ, ಇದು ಅಜ್ಜ ಲಡಾಯಿಯಿಂದ ತಂದ ಚೀಲ ಎಂದು. ಗುಂಡಿನದಲ್ಲ, ಲಾಳದ್ದು ಎಂದು ಒಪ್ಪೋಣ. ಹಾಗಾದರೆ ಅಜ್ಜ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದು ಹೈಫಾ ಯುದ್ಧಕ್ಕೆ ಹೋಗಿದ್ದರು ಎಂದಾಯಿತಲ್ಲವೇ?

ಕಡೂರು ಕಾವಲು (ಇತಿಹಾಸ ಅಧ್ಯಾಪಕ)

ಚಿಕ್ಕಪ್ಪನವರೇ, ನಿಮ್ಮ ಪ್ರಶ್ನೆ ಮುಖ್ಯವಾದದ್ದು, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ಹೇಳಿದ ಮಹಾರಾಜರ ಕುದುರೆ ಪಡೆ, ಅಂದರೆ ಮೈಸೂರು ಲ್ಯಾನ್ಸರ್ಸ್, 1914ರಲ್ಲಿ ಈಜಿಪ್ಟಿಗೆ ಹೋದರು, ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದರು, ಆಮೇಲೆ ಪ್ಯಾಲೆಸ್ಟೈನಿನಲ್ಲಿ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರ ಲ್ಯಾನ್ಸರ್ಸ್ ಊರಿನ ಮೇಲೆ ನುಗ್ಗಿದಾಗ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಅದೇ ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನಿನಲ್ಲಿ ಮತ್ತೆ ದಾಳಿ ಮಾಡಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್ಸ್‌ಗಳ ನೆನಪಿಗೆ ನಿಲ್ಲಿಸಿದವು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಕಲ್ಲುಬೆಟ್ಟ ಹತ್ತಿದ ಆ ಕುದುರೆಗಳಿಗೆ ಇಂಥ ಚೀಲದ ಲಾಳ ಎಷ್ಟು ಬೇಕಾಗಿತ್ತು ಎಂದು ಯೋಚಿಸಿದರೆ ಮೈ ಜುಮ್ ಎನ್ನುತ್ತದೆ.

ಆದರೆ ಚೀಲದ ಜಾತಿ ಗೊತ್ತಾದ ಮಾತ್ರಕ್ಕೆ ಯಾರ ಚೀಲ ಎಂದು ಗೊತ್ತಾಗುವುದಿಲ್ಲ. ಕುದುರೆ ಪಡೆ ಮೈಸೂರು ಸಂಸ್ಥಾನದ್ದು ಮಾತ್ರ ಇರಲಿಲ್ಲ, ಬೆಂಗಳೂರು ದಂಡಿನಲ್ಲಿ ಬ್ರಿಟಿಷರ ಕುದುರೆ ರೆಜಿಮೆಂಟುಗಳೂ ಇದ್ದವು. ಫಿರಂಗಿ ಪಡೆಗೂ ಕುದುರೆ ಬೇಕಿತ್ತು. ಮಲೆನಾಡಿನ ಯುರೋಪಿಯನ್ ಪ್ಲಾಂಟರುಗಳ ಸ್ವಯಂಸೇವಕ ಪಡೆಯೂ ಇತ್ತು. ನಿಮ್ಮ ತಾಲೂಕಿನಲ್ಲೇ ಅಂಥ ತೋಟಗಳು ಎಷ್ಟು ಇದ್ದವು! ಮುಚ್ಚಳದ ಮೇಲಿನ ಅಕ್ಷರಗಳನ್ನು ಓದಲು ಸಾಧ್ಯವಾದರೆ ದಾರಿ ಸ್ವಲ್ಪ ಕಿರಿದಾಗುತ್ತದೆ.

ಕಾಫಿನಾಡು ಸಂಗ್ರಹ

ಕೋಳಿಹೆಜ್ಜೆ ಎಂದು ಮೇಡಂ ಬರೆದದ್ದು ಬ್ರಿಟಿಷ್ ಸರ್ಕಾರದ ಬಾಣದ ಗುರುತು, ಸರ್ಕಾರಿ ಸ್ವತ್ತು ಎಂದು ಹೇಳಲು ಒತ್ತುತ್ತಿದ್ದದ್ದು. ಕೆಳಗೆ ‘ಐ’ ಇದ್ದರೆ ಭಾರತ ಸರ್ಕಾರದ ದಾಸ್ತಾನು. ಅಕ್ಷರ ಓದಲು ಒಂದು ಉಪಾಯ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚರ್ಮಕ್ಕೆ ಸಮನಾಗಿ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ತಗ್ಗಿನಲ್ಲಿ ನೆರಳು ನಿಂತು ಅಕ್ಷರ ಏಳುತ್ತದೆ. ಸೀಮೆಸುಣ್ಣ ಮಾತ್ರ ಉಜ್ಜಬೇಡಿ. ಮುಚ್ಚಳದ ಒಳಗಡೆಯನ್ನೂ ಹಾಗೇ ನೋಡಿ.

ಹೇಮಾವತಿ ತೀರ

ಕಂಡಿತು! ಕೊನೆಯ ಅಕ್ಷರಗಳು ಎನ್, ಪಿ, ಓ, ಆರ್, ಇ. ಕೆಳಗೆ 1916. ಸಿಂಗಾಪುರ ಇರಬಹುದೇ?

ಮುಚ್ಚಳದ ಒಳಗಡೆ ಇನ್ನೆರಡು ಬಾಣ ಇವೆ, ತುದಿಗೆ ತುದಿ ತಾಗುವ ಹಾಗೆ ಎದುರುಬದುರು. ಅದರ ಪಕ್ಕದಲ್ಲಿ 47 ಎಂದು ಒತ್ತಿದ್ದಾರೆ.

ಕಾಫಿನಾಡು ಸಂಗ್ರಹ

ಸಿಂಗಾಪುರವಾದರೆ ‘ಪಿ’ಗೆ ಮೊದಲು ‘ಎ’ ಬರಬೇಕು. ‘ಎನ್’ ಇರುವುದರಿಂದ ಕಾನ್ಪುರ, ಬ್ರಿಟಿಷರು ಬರೆಯುತ್ತಿದ್ದ ಕಾಗುಣಿತದಲ್ಲಿ. ಭಾರತದ ಸೇನೆಗೆ ಜೀನು, ಬೂಟು, ಪಟ್ಟಿಗಳನ್ನು ಮಾಡುತ್ತಿದ್ದ ದೊಡ್ಡ ಕೇಂದ್ರ ಕಾನ್ಪುರ. ಸರ್ಕಾರದ್ದೇ ಜೀನಿನ ಕಾರ್ಖಾನೆ ಅಲ್ಲಿತ್ತು. 1916 ಎಂದರೆ ಮೊದಲ ಮಹಾಯುದ್ಧದ ನಡುವೆ ಹೊಲಿದದ್ದು.

‘ಐ’ ಬಾಣದ ಬಗ್ಗೆ ಒಂದು ವಿಷಯ. ಆ ಯುದ್ಧಕ್ಕೆ ಮೊದಲು ಭಾರತದ ಹೆಚ್ಚಿನ ಕುದುರೆ ರೆಜಿಮೆಂಟುಗಳು ಸಿಲ್ಲೇದಾರಿ ಪದ್ಧತಿಯಲ್ಲಿದ್ದವು. ಸವಾರ ಸೇರುವಾಗ ಹಣ ಕಟ್ಟಬೇಕು, ಕುದುರೆ, ಜೀನು, ಸಾಮಾನು ಎಲ್ಲ ಆ ಹಣದಲ್ಲಿ, ಸರ್ಕಾರ ಕೊಡುತ್ತಿದ್ದದ್ದು ಮುಖ್ಯವಾಗಿ ಬಂದೂಕು. ಮದರಾಸಿನ ಮೂರು ಲೈಟ್ ಕ್ಯಾವಲ್ರಿ ರೆಜಿಮೆಂಟುಗಳಿಗೆ ಮಾತ್ರ ಈ ಪದ್ಧತಿ ಇರಲಿಲ್ಲ. ಯುದ್ಧ ಬಂದು ಕುದುರೆ, ಸಾಮಾನು ಸಾವಿರಗಟ್ಟಲೆ ಬೇಕಾದಾಗ ಸಿಲ್ಲೇದಾರಿ ಕುಸಿಯಿತು, ಸರ್ಕಾರವೇ ಒದಗಿಸಬೇಕಾಯಿತು. 1916ರ ಸರ್ಕಾರಿ ಗುರುತಿನ ಲಾಳದ ಚೀಲ ಆ ಬದಲಾವಣೆಯ ಕಾಲದ್ದು.

ಇನ್ನು ಎದುರುಬದುರಿನ ಎರಡು ಬಾಣ. ಚಿಕ್ಕಪ್ಪನವರು ಬೇಸರ ಮಾಡಿಕೊಳ್ಳಬಾರದು. ಸೇನೆಯ ದಾಸ್ತಾನಿನಿಂದ ತೆಗೆದು ಮಾರಾಟ ಮಾಡಿದ ಸಾಮಾನಿಗೆ ಆ ಗುರುತು ಒತ್ತುತ್ತಿದ್ದರು. ಇದು ಕದ್ದದ್ದಲ್ಲ, ಸರ್ಕಾರ ಮಾರಿದ್ದು ಎಂದು ತೋರಿಸಲು. ಆದ್ದರಿಂದ ಈ ಚೀಲ ಸವಾರನೊಬ್ಬನ ಜೊತೆ ನೇರವಾಗಿ ಮನೆಗೆ ಬಂದದ್ದಲ್ಲ, ಹರಾಜಿನಲ್ಲೋ ಅಂಗಡಿಯಲ್ಲೋ ಮಾರಾಟವಾಗಿ ಬಂದದ್ದು.

ಸಕಲೇಶಪುರದ ಚಿಕ್ಕಪ್ಪ

ಹಾಗಾದರೆ ಅಜ್ಜ ಪಲ್ಟನ್ನಿನಲ್ಲೇ ಇರಲಿಲ್ಲ ಅನ್ನುತ್ತೀರಾ?

ಕಡೂರು ಕಾವಲು

ಖಂಡಿತ ಇಲ್ಲ ಸ್ವಾಮಿ. ಪಲ್ಟನ್ನಿನಲ್ಲಿದ್ದವರೇ ಊರಿಗೆ ಬರುವಾಗ ದಂಡಿನ ಹರಾಜಿನಲ್ಲಿ ಗಟ್ಟಿ ಸಾಮಾನು ಕೊಂಡು ತಂದಿರಬಹುದು. ಅವರಿಗಿಂತ ಚೆನ್ನಾಗಿ ಅದರ ಬೆಲೆ ಯಾರಿಗೆ ಗೊತ್ತಿತ್ತು? ಚೀಲದ ಗುರುತು ಚೀಲದ ಬಗ್ಗೆ ಮಾತ್ರ ಹೇಳುತ್ತದೆ. ಅಜ್ಜನ ನೌಕರಿಗೆ ಬೇರೆ ಸಾಕ್ಷಿ ಹುಡುಕಬೇಕು: ಪೆನ್ಷನ್ ಪುಸ್ತಕ, ಬಿಡುಗಡೆ ಪತ್ರ, ಪದಕ. ಪದಕ ಸಿಕ್ಕರೆ ಅಂಚನ್ನು ನೋಡಿ, ಆ ಯುದ್ಧದ ಬ್ರಿಟಿಷ್ ವಾರ್ ಮೆಡಲಿನ ಅಂಚಿನಲ್ಲಿ ಪಡೆದವನ ನಂಬರು, ಹೆಸರು, ಪಡೆ ಕೆತ್ತಿರುತ್ತದೆ. ಅದೇ ಟ್ರಂಕಿನ ಕಂದಾಯ ರಸೀದಿಗಳ ಕಟ್ಟನ್ನು ಬಿಸಾಡುವ ಮೊದಲು ಒಂದೊಂದಾಗಿ ಬಿಡಿಸಿ. ಸಂಸ್ಥಾನದ ಪಡೆಯ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಅರ್ಜಿ ಕೊಡಬಹುದು. ಅಜ್ಜನ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬೇಕಾಗುತ್ತದೆ.

ನಿವೃತ್ತ ಆರ್‌ವಿಸಿ

47ರ ಬಗ್ಗೆ ಹೇಳುತ್ತೇನೆ. ಕುದುರೆ ಲಾಯದಲ್ಲಿ ಜೀನು, ಲಗಾಮು, ಚೀಲ ಎಲ್ಲಕ್ಕೂ ಒಂದೇ ನಂಬರು ಒತ್ತುವುದು ವಾಡಿಕೆ, ಒಬ್ಬನದು ಇನ್ನೊಬ್ಬನಿಗೆ ಸೇರಬಾರದೆಂದು. ಲಾಳದ ಚೀಲಕ್ಕಂತೂ ಅದು ಬೇಕೇ ಬೇಕು, ಒಳಗಿರುವುದು ಒಂದೇ ಕುದುರೆಗೆ ಹೊಂದುವ ಲಾಳ. 47 ಎಂಬುದನ್ನು ಸವಾರನ ಸೇನಾ ನಂಬರು ಎಂದು ತಿಳಿದು ಕಡತದಲ್ಲಿ ಹುಡುಕಲು ಹೋಗಬೇಡಿ.

ಚಿಕ್ಕಪ್ಪನವರಿಗೆ ಇನ್ನೊಂದು ಮಾತು. ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರು ಈಗ ಇಲ್ಲದಿದ್ದರೂ ಅದರ ಪರಂಪರೆ ಮುಗಿದಿಲ್ಲ. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ 61ನೇ ಕ್ಯಾವಲ್ರಿ ಕಟ್ಟಿದಾಗ ಮೈಸೂರಿನವರೂ ಅದರಲ್ಲಿ ಸೇರಿದರು. ಸೆಪ್ಟೆಂಬರ್ 23ನ್ನು ಸೇನೆ ಈಗಲೂ ಹೈಫಾ ದಿನವಾಗಿ ಆಚರಿಸುತ್ತದೆ.

ಬೇಲೂರು ಬಸದಿ ಬೀದಿ

ಮೇಡಂ, ಕೊಬ್ಬರಿ ಎಣ್ಣೆ ಹಚ್ಚಿ ಬಿಸಿಲಿಗಿಟ್ಟರೆ ಚರ್ಮ ಹೊಸದರಂತಾಗುತ್ತದೆ.

ತೊಗಲು ಕೆಲಸ

ದಿನಾ ಬಳಸುವ ಚಪ್ಪಲಿಗೆ ಎಣ್ಣೆ ಸರಿ. ಇಷ್ಟು ಹಳೇ ಚರ್ಮಕ್ಕೆ ಬೇಡ. ಎಣ್ಣೆ ಒಳಗಿಳಿದು ಇಡೀ ಚರ್ಮ ಕಪ್ಪಾಗುತ್ತದೆ, ಲಾಳದ ಕಲೆ ಯಾವುದು ಎಣ್ಣೆ ಯಾವುದು ಗೊತ್ತಾಗದೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಕಮಟುತ್ತದೆ ಕೂಡ, ಸಕಲೇಶಪುರದ ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಹಿಡಿಯುವುದು ಬೇಗ. ಬಿಸಿಲಿಗಿಟ್ಟರೆ ಸುರುಟಿ ಬಿರಿಯುತ್ತದೆ.

ಮೃದು ಬ್ರಶ್‌ನಿಂದ ಧೂಳು ತೆಗೆಯಿರಿ, ಅಷ್ಟೇ. ಬೆರಳಿಗೆ ಕೆಂಪು ಪುಡಿ ಅಂಟುತ್ತಿದ್ದರೆ ಚರ್ಮದ ಎಳೆಯೇ ಸಾಯುತ್ತಿದೆ ಎಂದರ್ಥ, ಆಗ ಮುಟ್ಟುವುದನ್ನೇ ಕಡಿಮೆ ಮಾಡಿ. ತುಂಡಾದ ಪಟ್ಟಿಯನ್ನು ಹೊಲಿಸಬೇಡಿ, ತುಂಡು ಸಿಕ್ಕಿದ್ದರೆ ಜೊತೆಗೆ ಇಡಿ. ಬಕಲ್ಲನ್ನು ಹುಣಸೆಹಣ್ಣು ಹಾಕಿ ಬೆಳಗಬೇಡಿ. ಹಳೇ ಬಿಳಿ ಪಂಚೆಯ ಬಟ್ಟೆಯನ್ನು ಉಂಡೆ ಮಾಡಿ ಒಳಗೆ ತುಂಬಿದರೆ ಆಕಾರ ನಿಲ್ಲುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೆವರಿ ಬೂಷ್ಟಾಗುತ್ತದೆ. ಅಟ್ಟಕ್ಕೆ ವಾಪಸ್ ಹಾಕದೆ, ಜನ ಓಡಾಡುವ, ಗಾಳಿಯಾಡುವ ಕೋಣೆಯ ಬೀರುವಿನಲ್ಲಿ ಇಡಿ.

ಮೂಡಿಗೆರೆ ಮಳೆ

ತಳದ ಸುಣ್ಣ ತೆಗೆಯಬೇಕಾ ಬೇಡವಾ?

ತೊಗಲು ಕೆಲಸ

ನನ್ನ ಅಭಿಪ್ರಾಯದಲ್ಲಿ ಬೇಡ. ಗಟ್ಟಿಯಾಗಿ ಕೂತದ್ದನ್ನು ಕೆರೆದರೆ ಚರ್ಮದ ಮೈಯೂ ಕಿತ್ತು ಬರುತ್ತದೆ. ಅಜ್ಜ ಸಂತೆಗೆ ಒಯ್ದದ್ದೂ ಈ ಚೀಲದ ಚರಿತ್ರೆಯೇ.

ಸಕಲೇಶಪುರದ ಚಿಕ್ಕಪ್ಪ

ಈ ಮಾತು ನನಗೆ ಹಿಡಿಸಿತು. ರಸೀದಿಗಳ ಕಟ್ಟನ್ನು ನಾನೇ ಕೂತು ಬಿಡಿಸುತ್ತೇನೆ. ಏನಾದರೂ ಸಿಕ್ಕರೆ ಇಲ್ಲೇ ತಿಳಿಸುತ್ತೇನೆ.

ಹೇಮಾವತಿ ತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ಚೀಲದ ಜೊತೆ ಒಂದು ಚೀಟಿ ಬರೆದಿಡುತ್ತೇನೆ: ಕುದುರೆ ಸವಾರನ ಲಾಳದ ಚೀಲ, ಕಾನ್ಪುರ, 1916, ಸೇನೆಯಿಂದ ಮಾರಾಟವಾದದ್ದು, ನಂತರ ಮನೆಯಲ್ಲಿ ಎಲೆ ಅಡಿಕೆ ಚೀಲ. ಮುತ್ತಜ್ಜನ ಹೆಸರಿನ ಮುಂದೆ ‘ಮನೆಯವರು ಹೇಳುವಂತೆ’ ಎಂದು ಬರೆಯುತ್ತೇನೆ, ಕಾಗದ ಸಿಕ್ಕಿದ ದಿನ ಅದನ್ನು ತೆಗೆದರಾಯಿತು.

ಅರಸೀಕೆರೆಯ ಸರ್, ಮಕ್ಕಳಿಗೆ ತೋರಿಸಲು ಒಂದು ಜೊತೆ ಹಳೇ ಕುದುರೆ ಲಾಳ ಒಳಗೆ ಇಡಬೇಕು ಅಂದುಕೊಂಡಿದ್ದೇನೆ. ನಿಮ್ಮಲ್ಲಿ ಸಿಗುತ್ತದೆಯೇ?

ಲಾಳದ ಮನೆ

ಕೊಡುವುದಕ್ಕೆ ಅಡ್ಡಿಯಿಲ್ಲ ಮೇಡಂ, ಆದರೆ ಕಬ್ಬಿಣ ಒಳಗಿಟ್ಟರೆ ಮತ್ತೆ ಹೊಸ ಕಲೆ ಬೀಳುತ್ತದಲ್ಲ. ನೀವು ಬೆಣ್ಣೆ ಕಾಗದದಲ್ಲಿ ಎಳೆದ ಗೆರೆ ಇದೆಯಲ್ಲ, ಅದೇ ಅಳತೆಗೆ ದಪ್ಪ ರಟ್ಟಿನಲ್ಲಿ ಎರಡೂ ಕತ್ತರಿಸಿ ಒಳಗಿಡಿ, ತೂತು ನಾಲ್ಕು ಮೂರು ಹಾಕಲು ಮರೆಯಬೇಡಿ. ನಿಜವಾದ ಲಾಳದ ಜೊತೆಯನ್ನು ಅಪ್ಪ ಹುಡುಕಿ ಕೊಡುತ್ತಾರಂತೆ, ಅದನ್ನು ಚೀಲದ ಪಕ್ಕದಲ್ಲಿ ಇಡಿ. ಹಾಸನಕ್ಕೆ ಬರುವಾಗ ಹೇಳಿ, ತಂದುಕೊಡುತ್ತೇನೆ.